ಸ್ಯಾಕ್ಸೊಫೋನಿಗೆ ಹುಣಸೆಹಣ್ಣು

ಆಗ ನನಗೆ ಮೂವತ್ತನಾಲ್ಕು ವರ್ಷ. ಇದು ನಡೆದು ನಲವತ್ತನಾಲ್ಕು ವರ್ಷವಾಯಿತು. ಕೂಡುವ ಲೆಕ್ಕ ನೀವೇ ಮಾಡಿಕೊಳ್ಳಿ. ಆ ದಿನಗಳಲ್ಲಿ ಮುಳಬಾಗಿಲಿನ ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದೊಡನೆ ನಾನು ಮಾಡುತ್ತಿದ್ದ ಮೊದಲ ಕೆಲಸ ಒಲೆ ಹಚ್ಚುವುದಲ್ಲ, ಮಣ್ಣಿನ ಕುಡಿಕೆಯಲ್ಲಿ ಒಂದು ಹಿಡಿ ಹಳೆಯ ಹುಣಸೆಹಣ್ಣು ನೆನೆಹಾಕುವುದು. ಸಾರಿಗಲ್ಲ, ಕಹಳೆಗಳಿಗೆ. ನನ್ನ ಗಂಡ ನಾರೆಪ್ಪ ಮದುವೆ ಬ್ಯಾಂಡು ಇಟ್ಟಿದ್ದ. ಹುಣಸೆಯ ಹುಳಿಗೆ ಒಲೆಯ ಬೂದಿ ಬೆರೆಸಿ ತೆಂಗಿನ ನಾರಿನಿಂದ ತಿಕ್ಕಿದರೆ ಹಿತ್ತಾಳೆ ಹೇಗೆ ಹೊಳೆಯುತ್ತಿತ್ತೆಂದರೆ, ಊದುವವನ ಕೆನ್ನೆಯ ಗುಳಿಗಳೂ ಅದರಲ್ಲಿ ಕಾಣುತ್ತಿದ್ದವು. ಊದಿದವನಿಗೆ ಹೆಸರು, ತಿಕ್ಕಿದವಳಿಗೆ ಬೆನ್ನುನೋವು. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದೂ ಬ್ಯಾಂಡಿನ ದೆಸೆಯಿಂದಲೇ, ಮನೆಗೆ ಬರುತ್ತಿದ್ದ ಲಗ್ನಪತ್ರಿಕೆಗಳನ್ನು ನೋಡಿ; ಆದ್ದರಿಂದ ನನ್ನ ಬರವಣಿಗೆಯಲ್ಲಿ ಎಲ್ಲರೂ ಚಿರಂಜೀವಿಗಳಾಗಿದ್ದರೆ ಅಚ್ಚರಿಪಡಬೇಡಿ.

ಮದುವೆ ಬ್ಯಾಂಡಿನ ಧರ್ಮ ಒಂದೇ: ತುಂಬುವುದು. ತಾಳಿ ಕಟ್ಟುವ ಗಳಿಗೆಗೆ ಪುರೋಹಿತರು ಬೆರಳೆತ್ತಿ ಗಟ್ಟಿಮೇಳ ಎಂದ ಕೂಡಲೇ ಇದ್ದಬದ್ದ ಉಸಿರನ್ನೆಲ್ಲ ಸುರಿದು ಊದಬೇಕು, ಡೋಲು ಹರಿಯುವಂತೆ ಬಾರಿಸಬೇಕು. ಯಾರೋ ಸೀನಿದ್ದು, ಯಾವುದೋ ಮಗು ಅತ್ತದ್ದು, ಯಾವಳೋ ಕೆಟ್ಟ ಮಾತಾಡಿದ್ದು ಆ ಗಳಿಗೆಯಲ್ಲಿ ಮದುಮಕ್ಕಳ ಕಿವಿಗೆ ಬೀಳಬಾರದು. ಸೂಜಿಮೊನೆಯಷ್ಟು ಸದ್ದಿಲ್ಲದ ಜಾಗವಿದ್ದರೂ ಅಪಶಕುನ ಅಲ್ಲಿಂದ ನುಸುಳುತ್ತದೆ ಎಂಬುದು ನಮ್ಮ ನಂಬಿಕೆ. ಹಾಗಾಗಿ ಸಂಗೀತವೆಂದರೆ ತೂತು ಮುಚ್ಚುವ ಕೆಲಸವೆಂದೇ ನಾನು ತಿಳಿದಿದ್ದೆ.

ಆ ಬ್ಯಾಂಡಿಗೆ ಬಂದು ಸೇರಿದವನು ಮೆಲ್ವಿನ್. ಚಿನ್ನದ ಗಣಿಯ ಊರಿನ ಆಂಗ್ಲೋ ಇಂಡಿಯನ್, ಐವತ್ತೈದು ದಾಟಿದ ಒಂಟಿ ಮನುಷ್ಯ. ಹದಿನೆಂಟಕ್ಕೇ ಗಣಿಯ ಕ್ಲಬ್ಬಿನಲ್ಲಿ ಸ್ಯಾಕ್ಸೊಫೋನು ಹಿಡಿದವನು, ಬೆಂಗಳೂರು ದಂಡಿನ ಹೋಟೆಲುಗಳಲ್ಲಿ, ಬೊಂಬಾಯಿಯಲ್ಲಿ, ಕಲ್ಕತ್ತೆಯಲ್ಲಿ ಜಾಝ್ ಎಂಬ ಸಂಗೀತವನ್ನು ನುಡಿಸಿದವನು. ಆಮೇಲೆ ಹೋಟೆಲಿನವರು ಟೇಪು ಹಾಕುವ ಪೆಟ್ಟಿಗೆ ತಂದರು. ಪೆಟ್ಟಿಗೆ ಊಟ ಕೇಳುವುದಿಲ್ಲ, ರಜೆ ಕೇಳುವುದಿಲ್ಲ. ಅವನ ತಂಡದ ಡ್ರಮ್ಮಿನವನು ಆಸ್ಟ್ರೇಲಿಯಕ್ಕೆ ಹೋದ, ಟ್ರಂಪೆಟ್ಟಿನವನು ಮದ್ರಾಸಿನ ಸಿನಿಮಾ ಸ್ಟುಡಿಯೋ ಸೇರಿದ, ಇವನು ಬೇತಮಂಗಲದ ಬಸ್ಸು ಹತ್ತಿ ನಮ್ಮಲ್ಲಿಗೆ ಬಂದ, ನಮ್ಮ ಮನೆಯ ಜಗುಲಿಯಲ್ಲೇ ಉಳಿದ. ರಾಯಲ್ಪಾಡಿನ ಮಾವಿನ ತೋಪಿನಲ್ಲಿ, ಬೈರಕೂರಿನ ಚಪ್ಪರದಲ್ಲಿ ಕೆಂಪು ಕೋಟು ತೊಟ್ಟು ಸಿನಿಮಾ ಹಾಡು ಊದುತ್ತ ಆರು ವರ್ಷ ನಡೆದ. ನಡುವೆ ಎಲ್ಲಾದರೂ ಹಾಡನ್ನು ದಾರಿ ಬಿಡಿಸಿ ಅತ್ತಿತ್ತ ಕರೆದೊಯ್ದರೆ ನಾರೆಪ್ಪ ಹಿಂದಿನಿಂದ ಕೂಗುತ್ತಿದ್ದ: "ಏಯ್ ದೊರೆ, ಹಾಡು ಎಲ್ಲೋಯ್ತು? ಮದುವೆಗಂಡು ಇಲ್ಲೇ ಅವ್ನೆ, ವಾಪಸ್ ಬಾ!"

ಆ ವರ್ಷ ಅವನಿಗೊಂದು ಕಾಗದ ಬಂತು. ಬರೆದವನು ಹಳೆಯ ತಂಡದ ಪಿಯಾನೋಗಾರ ರಾಯ್. ಅವನಿನ್ನೂ ಬೆಂಗಳೂರಿನ ಒಂದು ಹೋಟೆಲಿನಲ್ಲಿ ತಂಡ ಕಟ್ಟಿಕೊಂಡು ಜಾಝ್ ನುಡಿಸುತ್ತಿದ್ದ. ಭಾನುವಾರ ಮಧ್ಯಾಹ್ನ ಗಣಿಯ ಕ್ಲಬ್ಬಿನಲ್ಲಿ ನಮ್ಮ ಕಛೇರಿ ಇದೆ, ಸ್ಯಾಕ್ಸೊಫೋನಿನ ಜಾಗ ಖಾಲಿಯಾಗಿದೆ, ಬಂದು ನಮ್ಮೊಡನೆ ನುಡಿಸು, ಕೈ ಕೆಟ್ಟಿಲ್ಲವಾದರೆ ಜಾಗ ನಿನ್ನದು ಎಂದು ಬರೆದಿದ್ದ. ಮೆಲ್ವಿನ್ ಆ ಕಾಗದವನ್ನು ಮೂರು ಸಲ ಓದಿ ಹೇಳಿದ. ನಾಲ್ಕನೆಯ ಸಲಕ್ಕೆ ನಾನು ಎದ್ದು ಹೋದೆ. ಆದರೆ ಒಂದು ಅರ್ಥವಾಯಿತು: ಈ ಮನುಷ್ಯನಿಗೆ ಇನ್ನೊಂದು ಕಾಗದ ಬರುವುದಿಲ್ಲ.

ಶುಕ್ರವಾರ ಅವನು ಕಪ್ಪು ಕೋಟು ಸರಿಮಾಡಿಸಲು ಕೋಲಾರದ ದರ್ಜಿಯ ಹತ್ತಿರ ಹೋದ. ಗೂಟದಲ್ಲಿ ಸ್ಯಾಕ್ಸೊಫೋನು ನೇತಾಡುತ್ತಿತ್ತು. ಆರು ವರ್ಷದಲ್ಲಿ ಅದನ್ನು ಅವನು ನನ್ನ ಕೈಗೆ ಕೊಟ್ಟವನಲ್ಲ, ಒಂದು ರೇಷ್ಮೆ ಚೂರಿನಲ್ಲಿ ತಾನೇ ಒರೆಸಿಕೊಳ್ಳುತ್ತಿದ್ದ. ಗಂಡಸು ಒರೆಸಿದ್ದು ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಕೀಲು ಕೀಲಿಗೂ ಹಸಿರು ಕಿಲುಬು. ಪ್ರೀತಿ ಗೀತಿ ಅಲ್ಲ, ಮಂಕು ಹಿತ್ತಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹಂಡೆಯಲ್ಲಿ ಮುಳುಗಿಸಿ, ಹುಣಸೆಹಣ್ಣು ಬೂದಿ ಹಾಕಿ, ಒಂದು ಗಂಟೆ ತಿಕ್ಕಿ ಬಿಸಿಲಿಗಿಟ್ಟೆ. ಬೀದಿಯವರು ನಿಂತು ನೋಡುವಂತಾಯಿತು.

ಸಂಜೆ ಮೆಲ್ವಿನ್ ಬಂದ. ವಾದ್ಯ ನೋಡಿದ, ಕೋಟಿನ ಪೊಟ್ಟಣ ಕೈಯಿಂದ ಜಾರಿತು.

"ಏನಮ್ಮಾ ಇದು, ಪಿಳ್ಳಮ್ಮ?"

"ತೊಳ್ದೆ."

"ನೀರಲ್ಲಿ?"

"ಇನ್ನೇನ್ ಹಾಲಲ್ಲಿ ತೊಳೀತಾರಾ?"

ಅವನು ಬಾಯಿಗಿಟ್ಟು ಊದಿದ. ಉಬ್ಬಸದ ಮುದುಕ ಮೆಟ್ಟಿಲು ಹತ್ತಿದಂತೆ ಬರೀ ಗಾಳಿ ಬಂತು. ಆಗ ತೋರಿಸಿದ: ಅದರ ಮೈತುಂಬ ಇಪ್ಪತ್ತಕ್ಕೂ ಮಿಕ್ಕಿ ಮುಚ್ಚಳಗಳು, ಪ್ರತಿ ಮುಚ್ಚಳದೊಳಗೂ ಒಂದೊಂದು ಚರ್ಮದ ಮೆತ್ತೆ. ಮೆತ್ತೆ ತೂತಿನ ಮೇಲೆ ಬಿಗಿಯಾಗಿ ಕೂತರೆ ಸ್ವರ, ಇಲ್ಲದಿದ್ದರೆ ಗಾಳಿ. ಎಲ್ಲ ಮೆತ್ತೆಗಳೂ ನೀರು ಕುಡಿದು, ಬಿಸಿಲಿಗೆ ಸೆಟೆದು, ಒಣಗಿದ ಹಪ್ಪಳವಾಗಿದ್ದವು.

"ಲೇ ಪಿಳ್ಳಿ, ಅದೇನ್ ನಿನ್ನ ಸಾರಿನ ತಪ್ಪಲೇನೇ?" ಎಂದು ನಾರೆಪ್ಪ ತಲೆ ಚಚ್ಚಿಕೊಂಡ. "ಮುಗೀತು! ದೊರೆಯ ಭಾನುವಾರ ಮುಗೀತು!"

ಮೆಲ್ವಿನ್ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಸರಿಹೋಗುತ್ತಿತ್ತು. ಅವನು ಕಲ್ಲಿನ ಮೇಲೆ ಕೂತು ಕೋಟನ್ನು ಮಡಿಸತೊಡಗಿದ, ಇನ್ನು ತೊಡುವುದಿಲ್ಲ ಎನ್ನುವ ಹಾಗೆ. ತಪ್ಪಾಯಿತು ಎನ್ನುವ ಮಾತು ನನ್ನ ನಾಲಿಗೆಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. "ಚರ್ಮ ತಾನೇ?" ಎಂದೆ. "ಆ ಮುಚ್ಚಳ ಬಿಚ್ಚು."

ನನ್ನ ತವರು ಕ್ಯಾಲನೂರು. ನಮ್ಮಪ್ಪ ಡೋಲುಗಳಿಗೆ ಚರ್ಮ ಹೊದಿಸುತ್ತಿದ್ದವನು. ಅವನು ಕೊಟ್ಟಿದ್ದ ಆಡುಮರಿ ಚರ್ಮದ ತುಂಡುಗಳು ನನ್ನ ಪೆಟ್ಟಿಗೆಯಲ್ಲಿದ್ದವು. ಶನಿವಾರವೆಲ್ಲ ಕೂತು ಕತ್ತರಿಸಿದೆ, ಒಳಗೆ ಕಂಬಳಿಯ ಚೂರು ಇಟ್ಟು ಹೊಲಿದೆ, ಅರಗು ಕಾಯಿಸಿ ಅಂಟಿಸಿದೆ. ಮೆಲ್ವಿನ್ ಒಂದೊಂದು ಮುಚ್ಚಳದಡಿಗೂ ಸಿಗರೇಟಿನ ತೆಳು ಕಾಗದ ತೂರಿಸಿ ಎಳೆದು ನೋಡುವನು. ಕಚ್ಚಿಕೊಂಡರೆ ಸರಿ, ಜಾರಿದರೆ ಮತ್ತೆ ಅರಗು. ದೀಪ ಹಚ್ಚುವ ಹೊತ್ತಿಗೆ ಒಂದು ಉಳಿಯಿತು, ತಳದ್ದು, ಎಲ್ಲಕ್ಕಿಂತ ಅಗಲದ್ದು. ಅಷ್ಟಗಲ ತುಂಡು ನನ್ನಲ್ಲಿರಲಿಲ್ಲ. ಗೋಡೆಯ ಮೇಲೆ ಡೋಲಿನ ಹೊಸ ಚರ್ಮ ನೇತಾಡುತ್ತಿತ್ತು. ನಾನು ಅತ್ತ ನೋಡಿದ್ದೇ ತಡ, ನಾರೆಪ್ಪ ಅಡ್ಡ ನಿಂತ.

"ಅದನ್ನ ಮುಟ್ಟಿದ್ರೆ ನೋಡು! ಮುಂದಿನ ಮದುವೆಗೆ ಇರೋದು ಅದೊಂದೇ ಕಣೇ."

ಅವನು ಹೇಳಿದ್ದು ಸುಳ್ಳಲ್ಲ. ಎರಡು ಚೂರು ಸೇರಿಸಿ ಹೊಲಿದು ಕೂರಿಸಿದೆ. ಹೊಲಿಗೆಯಲ್ಲಿ ಗಾಳಿ ಸೋರಿತು. ಉಳಿದೆಲ್ಲ ಸ್ವರ ಬಂದವು, ತಳದ ಸ್ವರ ಮಾತ್ರ ಬರಲಿಲ್ಲ. "ಬಿಡು, ಪಿಳ್ಳಮ್ಮ," ಎಂದ ಮೆಲ್ವಿನ್. ಆದರೆ ಅವನ ಹೆಸರಿಗೆ ಅಂಟಿಕೊಂಡಿದ್ದ ಒಂದು ಹಾಡಿತ್ತು, ಅದು ಕೊನೆಗೆ ನಿಲ್ಲುವುದು ಆ ಸ್ವರದ ಮೇಲೆಯೇ ಎಂದು ಆರು ವರ್ಷ ಅವನ ಬಾಯಲ್ಲಿ ಕೇಳಿದ್ದೆ.

ಕಛೇರಿಯ ನಡುವೆ ಯಾವುದಾದರೂ ಮೆತ್ತೆ ಕಿತ್ತು ಬಂದರೆ ಅಂಟಿಸಲು ಜನ ಬೇಕಲ್ಲ. ಅರಗು, ಬೆಂಕಿಪೊಟ್ಟಣ, ಸೂಜಿಯನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಭಾನುವಾರ ನಾನೂ ಬಸ್ಸು ಹತ್ತಿದೆ. ಕ್ಲಬ್ಬಿನ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಟ್ಟರು. ಅಲ್ಲಿಂದ ಜಾಝ್ ಎಂಬುದನ್ನು ಕಣ್ಣಾರೆ ಕಂಡೆ. ಅವರ ಪದ್ಧತಿ ಹೀಗೆ: ಮೊದಲು ಎಲ್ಲರೂ ಕೂಡಿ ಹಾಡನ್ನೊಮ್ಮೆ ಹೇಳುತ್ತಾರೆ, ಆಮೇಲೆ ಒಬ್ಬೊಬ್ಬನೂ ಸರದಿಯಂತೆ ಅದನ್ನು ತನ್ನ ಮನೆಯೊಳಕ್ಕೆ ಕರೆದುಕೊಂಡು ಹೋಗುತ್ತಾನೆ, ಮಿಕ್ಕವರು ಜಗುಲಿಯಲ್ಲಿ ಕೂತವರಂತೆ ತಾಳ ಹಾಕುತ್ತ ಕಾಯುತ್ತಾರೆ. ಒಬ್ಬ ನುಡಿಸುವಾಗ ಇನ್ನೊಬ್ಬ ಕೇಳುತ್ತಾನೆ! ನಮ್ಮ ಬ್ಯಾಂಡಿನಲ್ಲಿ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದು ಊಟದ ಎಲೆ ಹಾಕಿದರೋ ಇಲ್ಲವೋ ಎಂದು ವಿಚಾರಿಸುವಾಗ ಮಾತ್ರ.

ಮೆತ್ತೆಗಳು ಬಿಗಿಯಾಗಿಯೇ ನಿಂತವು. ರಾಯ್ ಕೊನೆಗೆ ಆ ಹಾಡನ್ನೇ ಕೇಳಿದ. ಮೆಲ್ವಿನ್ ನನ್ನ ಕಡೆ ಒಮ್ಮೆ ನೋಡಿದ; ನಾನು ಡಬ್ಬಿ ನೋಡಿಕೊಂಡೆ. ಹಾಡು ಕಲ್ಯಾಣಿಯ ಮೆಟ್ಟಿಲಿಳಿಯುವ ಹೆಂಗಸಿನ ಹಾಗೆ ನಿಧಾನವಾಗಿ ಇಳಿಯಿತು, ಒಂದೊಂದು ಮೆಟ್ಟಿಲಿಗೂ ತುಸು ನಿಂತು, ನೀರಿನ ಹತ್ತಿರ ಹತ್ತಿರ ಬಂತು. ಒಂದೇ ಮೆಟ್ಟಿಲು ಉಳಿದಾಗ ಅವನು ತುಟಿಯಿಂದ ವಾದ್ಯ ತೆಗೆದುಬಿಟ್ಟ. ರಾಯ್‌ನ ಕೈ ಪಿಯಾನೋದ ಮೇಲೆ ಎತ್ತಿದ್ದದ್ದು ಎತ್ತಿದಂತೆಯೇ ನಿಂತಿತು. ಫ್ಯಾನಿನ ಸದ್ದು. ಯಾರೋ ಕೆಮ್ಮಿದರು, ಅಪಶಕುನವೇನೂ ಆಗಲಿಲ್ಲ. ಊದದೆ ಬಿಟ್ಟ ಆ ಸ್ವರ ನನಗೆ ಕೇಳಿಸಿತು. ಬಾಯಿ ತೆರೆದು ಕೂತಿದ್ದವರನ್ನು ನೋಡಿದರೆ ಅವರಿಗೂ ಕೇಳಿಸಿತ್ತು. ಆಮೇಲೆ ಚಪ್ಪಾಳೆ.

ವಾಪಸು ಬಸ್ಸಿನಲ್ಲಿ ನಾನೇ ಕೇಳಿದೆ: "ಏನಂದ ನಿನ್ ಸ್ನೇಹಿತ?"

"ಬುಧವಾರ ಬಾ ಅಂದ. ವಯಸ್ಸಾದ್ಮೇಲೆ ಬಿಡೋದು ಕಲ್ತಿದೀಯ ಅಂದ."

"ಕಲ್ಸಿದ್ದು ನಾನು ಅನ್ಲಿಲ್ವಾ?"

"ಹೇಳ್ದೆ. ಹುಣಸೆಹಣ್ಣು ಅಂದ್ರೆ ನಂಬಲ್ಲ ಅವ್ನು," ಎಂದು ಬಸ್ಸಿನ ಸರಳು ಹಿಡಿದು ನಕ್ಕ. ಆರು ವರ್ಷದಲ್ಲಿ ಅವನ ಹಿಂದಿನ ಹಲ್ಲುಗಳನ್ನು ನಾನು ಕಂಡದ್ದು ಅಂದೇ.

ಒಳ್ಳೆಯದೇ ಆಯಿತಲ್ಲ, ಪಿಳ್ಳಮ್ಮ, ನಿನ್ನ ತಪ್ಪೇ ಅವನಿಗೆ ವರವಾಯಿತಲ್ಲ ಎಂದು ನೀವು ಅನ್ನಬಹುದು. ಬೀದಿಯವರೂ ಅಂದರು. ನನಗೆ ಒಪ್ಪಿಗೆಯಿಲ್ಲ. ಆ ದಿನ ಅವನು ದಾಟಿಕೊಂಡದ್ದು ಅವನ ನಲವತ್ತು ವರ್ಷದ ದುಡಿಮೆಯಿಂದ, ನನ್ನ ತೆಂಗಿನ ನಾರಿನಿಂದಲ್ಲ. ಬಾಯಿ ಕಟ್ಟಿದವನು ಸುಮ್ಮನಿರುವುದಕ್ಕೂ ಮಾತು ಬಲ್ಲವನು ಸುಮ್ಮನಿರುವುದಕ್ಕೂ ವ್ಯತ್ಯಾಸವಿದೆ. ಬುಧವಾರದಿಂದ ದಿನವೂ ಆ ಹಾಡು ನುಡಿಸಬೇಕಾದವನು ಅವನು. ಒಂದು ದಿನ ಬಿಟ್ಟರೆ ಚೆಂದ. ದಿನವೂ ಬಿಡಲೇಬೇಕಾದರೆ ಅದು ಕೊರತೆ. ಬಿಡುವುದು ಅವನ ಇಷ್ಟವಾಗಿರಬೇಕು, ನನ್ನ ತಪ್ಪಾಗಿರಬಾರದು.

ಮರುದಿನ ಬೆಳಗ್ಗೆ, ಗಂಡಸರಿಬ್ಬರೂ ಏಳುವ ಮೊದಲು, ಗೋಡೆಯಿಂದ ಡೋಲಿನ ಹೊಸ ಚರ್ಮ ಇಳಿಸಿದೆ. ಅಂಚಿನಲ್ಲಿ ಕತ್ತರಿಸಿದ್ದರೆ ಡೋಲೂ ಉಳಿಯುತ್ತಿತ್ತು, ಆದರೆ ಅಂಚು ದಪ್ಪ, ಮೆತ್ತೆಗಾಗುವುದಿಲ್ಲ. ನಟ್ಟನಡುವೆ ಒಂದು ದುಂಡು ಕತ್ತರಿಸಿ, ಅರಗು ಕಾಯಿಸಿ, ತಳದ ಮುಚ್ಚಳಕ್ಕೆ ಕೂರಿಸಿದೆ. ಸಿಗರೇಟಿನ ಕಾಗದ ತೂರಿಸಿ ಎಳೆದೆ. ಹರಿಯಿತೇ ಹೊರತು ಜಾರಲಿಲ್ಲ. ಸ್ಯಾಕ್ಸೊಫೋನನ್ನು ರೇಷ್ಮೆ ಚೂರಿನಿಂದ ಒಮ್ಮೆ ಒಣಗೈಯಲ್ಲಿ ಒರೆಸಿ ಗೂಟಕ್ಕೆ ನೇತುಹಾಕಿದೆ, ನಡುವೆ ತೂತು ಬಿದ್ದ ಚರ್ಮವನ್ನು ನಾರೆಪ್ಪನ ಕಣ್ಣಿಗೆ ನೇರ ಬೀಳುವ ಹಾಗೆ ಅದರ ಪಕ್ಕದಲ್ಲೇ ತೂಗುಬಿಟ್ಟೆ, ಆಮೇಲೆ ಹೋಗಿ ಹುಣಸೆಹಣ್ಣು ನೆನೆಹಾಕಿದೆ.