ಭಟ್ಟರ ಮೂರು ಗಂಟೆಯ ಆಟ

ಹೊಸ ಕಬ್ಬಿಣದ ಕಾವಲಿ ತಂದು ಮೂರು ದಿನವಾಗಿತ್ತು. ದೋಸೆ ಏಳಲು ಒಪ್ಪುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಸಿಟ್ಟು ಬಂದು ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ, ಕಾದ ಕಾವಲಿಯ ಮೇಲೆ ಗಸಗಸ ಉಜ್ಜಿದೆ. ಈರುಳ್ಳಿ ಸೀದು, ಎಣ್ಣೆ ಹೊಗೆಯಾಡಿ, ಅಡುಗೆಮನೆಯೆಲ್ಲ ಆ ವಾಸನೆ ತುಂಬಿತು. ಒಲೆ ಆರಿಸಿದೆ. ಮಕರಪುರದ ಆ ಹೋಟೆಲು, ಮೂಲೆಯ ಮೇಜು, ಕಾವಲಿಯ ಹಿಂದೆ ನಿಂತ ಭಟ್ಟರು... ಎಲ್ಲ ಒಟ್ಟಿಗೇ ಬಂದವು.

ಅದು ಏಳೆಂಟು ವರ್ಷದ ಹಿಂದಿನ ಮಾತು. ನಾನು ಅಹಮದಾಬಾದಿಗೂ ಸೂರತ್ತಿಗೂ ನಡುವೆ ಇರುವ ಮಕರಪುರದ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ತಂತಿಸುರುಳಿಗಳ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಬೆಳಗಿನ ಪಾಳಿ ಎರಡೂವರೆಗೆ ಮುಗಿಯುತ್ತಿತ್ತು, ಮನೆ ಕಡೆಯ ಬಸ್ಸು ನಾಲ್ಕಕ್ಕೆ. ನಡುವಿನ ಒಂದೂವರೆ ಗಂಟೆ ಕಳೆಯಲು ಬಸ್ ನಿಲ್ದಾಣದ ಎದುರಿಗಿದ್ದ ಉಡುಪಿ ಹೋಟೆಲಿಗೆ ಹೋಗಿ ಕೂರುತ್ತಿದ್ದೆ. ಒಂದು ದೋಸೆ, ಒಂದು ಕಾಫಿ, ಫೋನಿನಲ್ಲಿ ಚದುರಂಗ. ಗಂಡನಿಗೆ ಕೊಯಾಲಿಯ ರಿಫೈನರಿಯಲ್ಲಿ ಪಾಳಿ ಕೆಲಸ. ಮನೆಗೆ ಬೇಗ ಓಡಿಹೋಗಿ ಮಾಡುವಂಥದ್ದೇನೂ ಇರುತ್ತಿರಲಿಲ್ಲ.

ನಾನು ಆಡುತ್ತಿದ್ದುದು ಮೂರು ನಿಮಿಷದ ಆಟ. ಇಡೀ ಆಟಕ್ಕೆ ಒಬ್ಬೊಬ್ಬರಿಗೆ ಮೂರೇ ನಿಮಿಷ. ಗಡಿಯಾರ ಸೊನ್ನೆಗೆ ಬಂತೆಂದರೆ ರಾಜ ಎಷ್ಟೇ ಕ್ಷೇಮವಾಗಿದ್ದರೂ ಸೋಲೇ. ನನ್ನ ಸ್ವಭಾವಕ್ಕೆ ತಕ್ಕ ಆಟ ಅದು. ನಾಲ್ಕನೇ ನಡೆಗೆ ಮಂತ್ರಿಯನ್ನು ಹೊರಗೆ ತಂದು, ಸಿಕ್ಕಿದ್ದನ್ನು ಹೊಡೆದು, ಎದುರಾಳಿಯ ರಾಜನ ಮೇಲೆ ಏರಿ ಹೋಗುತ್ತಿದ್ದೆ. ಗೆದ್ದರೆ ಇಪ್ಪತ್ತು ನಡೆಯೊಳಗೆ ಗೆದ್ದೆ. ಇಲ್ಲವೆಂದರೆ ಕೊನೆಯ ಅರ್ಧ ನಿಮಿಷದಲ್ಲಿ ಎರಡು ಕಾಲಾಳು ಹಿಡಿದುಕೊಂಡು ಒದ್ದಾಡಿ ಸೋಲುತ್ತಿದ್ದೆ. ಸೋತಾಗ ಹೋಟೆಲಿನ ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಒಂದು ದಿನ ದೋಸೆಯನ್ನು ಸ್ವತಃ ಭಟ್ಟರೇ ತಂದು ಮೇಜಿನ ಮೇಲಿಟ್ಟರು. ಆ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಲ್ಲುವವರನ್ನು ಎಲ್ಲರೂ ಭಟ್ಟರೇ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಐವತ್ತೆಂಟರ ಆಸುಪಾಸು. ತಟ್ಟೆ ಇಟ್ಟ ಮೇಲೂ ಅವರು ಹೋಗಲಿಲ್ಲ, ನನ್ನ ಫೋನನ್ನೇ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ, "ಮಂತ್ರಿಯನ್ನು ಇಷ್ಟು ಬೇಗ ಯಾಕಕ್ಕ ಕಳಿಸಿದ್ದು? ಹಿಟ್ಟು ಹೊಯ್ದ ಕೂಡ್ಲೇ ಸಟ್ಟುಗ ಹಾಕಿದ ಹಾಗಾಯ್ತು. ಈಗ ಹರಿದು ಹೋಗ್ತದೆ ನೋಡಿ," ಅಂದರು.

ನನಗೆ ಉರಿದುಹೋಯಿತು. ದಾವಣಗೆರೆಯವಳು ನಾನು, ದೋಸೆಯ ವಿಷಯದಲ್ಲೇ ಉಡುಪಿಯವರ ಮಾತು ಕೇಳದವಳು, ಚದುರಂಗದಲ್ಲಿ ಕೇಳುತ್ತೇನೆಯೇ? ಆದರೆ ಅವರು ಹೇಳಿ ಐದು ನಡೆಯಾಗುವಷ್ಟರಲ್ಲಿ ಮಂತ್ರಿ ಹೋಯಿತು. ತಲೆ ಎತ್ತಿ ನೋಡಿದರೆ ಭಟ್ಟರು ಕಾವಲಿಯ ಹತ್ತಿರ ನಿಂತು ಏನೂ ಗೊತ್ತಿಲ್ಲದವರಂತೆ ನೀರು ಚಿಮುಕಿಸುತ್ತಿದ್ದರು.

ಅವರೂ ಅದೇ ಆಟ ಆಡುತ್ತಾರೆಂದು ಆಮೇಲೆ ತಿಳಿಯಿತು. ಮೂರು ಗಂಟೆಗೆ ಊಟದ ಗಿರಾಕಿಗಳು ಮುಗಿದು, ಸಂಜೆಯ ತಿಂಡಿಯವರು ಬರುವುದಕ್ಕೆ ಇನ್ನೂ ಹೊತ್ತಿರುವಾಗ, ಅವರು ಕೈ ತೊಳೆದು ಫೋನ್ ಹಿಡಿಯುತ್ತಿದ್ದರು. ನಿಧಾನದ ಆಟಗಾರ. ಕಾಲಾಳುಗಳನ್ನು ಒಂದಕ್ಕೊಂದು ಆಸರೆಯಾಗಿ ನಿಲ್ಲಿಸಿ, ಕುದುರೆ ಒಂಟೆಗಳನ್ನು ಅದರ ಹಿಂದಿಟ್ಟು, ಎದುರಿನವನು ತಾನಾಗಿ ತಪ್ಪುವವರೆಗೆ ಕಾಯುವುದು. ಅವರ ಕೋಟೆ ಒಡೆಯುವುದು ಯಾರಿಂದಲೂ ಆಗುತ್ತಿರಲಿಲ್ಲ. ಆದರೂ ಗೆಲ್ಲುವ ಆಟವನ್ನೇ ಸಮಯ ಮುಗಿದು ಸೋಲುತ್ತಿದ್ದರು. ಕಾರಣ ಅವರ ಬೆರಳು. ಮೂವತ್ತೈದು ವರ್ಷ ಕಾವಲಿಯ ಬಿಸಿ ತಾಗಿ ತಾಗಿ ಬೆರಳ ತುದಿಗಳು ಗಟ್ಟಿಯಾಗಿದ್ದವು. ಫೋನಿನ ಗಾಜಿಗೆ ಅದು ಬೆರಳೆಂದೇ ತಿಳಿಯುತ್ತಿರಲಿಲ್ಲ. ಒಂದು ಕುದುರೆ ಎತ್ತಲು ಮೂರು ಸಲ ಒತ್ತಬೇಕಿತ್ತು.

ಹೀಗೆ ನಾವಿಬ್ಬರೂ ಒಬ್ಬರಿಗೊಬ್ಬರು ಗುರುಗಳಾದೆವು. ಅವರ ಫೋನಿನ ಮೇಲಿದ್ದ ದಪ್ಪ ಗಾಜಿನ ಕವಚ ಕಿತ್ತು ಹಾಕಿಸಿದೆ. ಕಾಯಿಯನ್ನು ಎಳೆಯಬೇಡಿ, ಮೊದಲು ಕಾಯಿ ಮುಟ್ಟಿ ಆಮೇಲೆ ಹೋಗಬೇಕಾದ ಮನೆ ಮುಟ್ಟಿ, ಅದೂ ಉಂಗುರದ ಬೆರಳಿನ ಪಕ್ಕದಿಂದ ಎಂದು ತೋರಿಸಿಕೊಟ್ಟೆ. ಅಲ್ಲಿ ಚರ್ಮ ಇನ್ನೂ ಮೆತ್ತಗಿತ್ತು. ಎದುರಾಳಿ ಆಡುವ ಮೊದಲೇ ನಮ್ಮ ನಡೆಯನ್ನು ಇಟ್ಟು ಕಾಯುವ ಸೌಲಭ್ಯವಿದೆ, ಅದರಿಂದ ಸಮಯ ಬಹಳ ಉಳಿಯುತ್ತದೆ ಎಂದೆ. ಅದನ್ನು ಮಾತ್ರ ಅವರು ಒಪ್ಪಲಿಲ್ಲ. "ಅವ ಮಾತಾಡುವ ಮೊದಲೇ ನಾವು ಉತ್ತರ ಕೊಡುವುದಾ? ಅದು ಸರಿ ಅಲ್ಲ," ಎಂದು ಕೈ ಆಡಿಸಿಬಿಟ್ಟರು.

ಅವರು ನನಗೆ ಕಲಿಸಿದ್ದು ಜಾಸ್ತಿ. ದಿನಾ ಒಂದೇ ರೀತಿ ಆಟ ಶುರುಮಾಡಿ, ಮೊದಲ ಹತ್ತು ನಡೆಗೆ ತಲೆ ಕೆಡಿಸಿಕೊಳ್ಳಬೇಡಿ, ಆ ಉಳಿದ ಸಮಯ ಕೊನೆಗೆ ಬೇಕಾಗುತ್ತದೆ ಎನ್ನುತ್ತಿದ್ದರು. ಎದುರಿನವನು ಕಾಯಿ ಸರಿಸಿದ ಕೂಡಲೇ ನಮ್ಮದನ್ನು ಮುಟ್ಟದೆ, ಅವನು ಅದನ್ನು ಯಾಕೆ ಸರಿಸಿದ ಎಂದು ಒಂದು ಉಸಿರಿನಷ್ಟು ಕೇಳಿಕೊಳ್ಳಬೇಕು. ಕೊನೆಯ ಅರ್ಧ ನಿಮಿಷದಲ್ಲಿ ಒಳ್ಳೆಯ ನಡೆ ಹುಡುಕುತ್ತ ಕೂರಬಾರದು, ಕೆಟ್ಟದ್ದಲ್ಲದ ನಡೆ ಸಾಕು. ಸತತ ಎರಡು ಆಟ ಸೋತರೆ ಫೋನ್ ಮಗುಚಿಡಬೇಕು. "ಎರಡು ದೋಸೆ ಸೀದ್ರೆ ಒಲೆ ಸಣ್ಣ ಮಾಡ್ಬೇಕು, ಮೂರನೇದು ಹೊಯ್ಯೋದಲ್ಲ." ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಇನ್ನೊಂದು. ಸೋತ ಆಟವನ್ನು ತಿರುಗಿ ನೋಡುವಾಗ ನಮಗೆ ತುಂಬ ಖುಷಿಯಾದ ಜಾಗ ಎಲ್ಲಿತ್ತೋ ಅಲ್ಲೇ ತಪ್ಪು ಹುಡುಕಬೇಕಂತೆ. ನಕ್ಕುಬಿಟ್ಟಿದ್ದೆ. ಹುಡುಕಿದಾಗಲೆಲ್ಲ ತಪ್ಪು ಅಲ್ಲೇ ಇರುತ್ತಿತ್ತು.

ದಿನವೂ ಮೂರು ಗಂಟೆಯ ಮೊದಲ ಆಟ ಮಾತ್ರ ಅವರು ಬೇರೆ ಯಾರೊಂದಿಗೂ ಆಡುತ್ತಿರಲಿಲ್ಲ. ಅದು ಸೂರತ್ತಿನ ಹೋಟೆಲೊಂದರಲ್ಲಿ ಕಾವಲಿಗೆ ನಿಲ್ಲುತ್ತಿದ್ದ ಅವರ ಅಣ್ಣನ ಜೊತೆ. ಇಬ್ಬರೂ ಚಿಕ್ಕವರಿದ್ದಾಗ ಅಹಮದಾಬಾದಿನ ಒಂದೇ ಹೋಟೆಲಿನ ಅಡುಗೆಮನೆಯಲ್ಲಿದ್ದರಂತೆ. ಮಧ್ಯಾಹ್ನ ಅಕ್ಕಿ ಚೀಲದ ಮೇಲೆ ಹಲಗೆ ಇಟ್ಟು ಆಟ ಕಲಿಸಿದ್ದು ಅಣ್ಣನೇ. ಆಮೇಲೆ ಅಣ್ಣನ ಮಗಳ ಮದುವೆಗೆ ಇವರು ಹೋಗಲಿಲ್ಲ. ಆ ವಾರ ಇನ್ನೊಬ್ಬ ಅಡುಗೆಯವರು ಹೇಳದೆ ಕೇಳದೆ ಬಿಟ್ಟುಹೋಗಿದ್ದರು, ಕಾವಲಿಗೆ ಬದಲಿ ಜನ ಸಿಗಲಿಲ್ಲ. ನನ್ನ ಮಗಳಿಗಿಂತ ನಿನಗೆ ಕಾವಲಿ ಹೆಚ್ಚಾಯಿತೇ ಎಂದು ಅಣ್ಣ ಕೇಳಿದವರು ಮತ್ತೆ ಮಾತಾಡಲಿಲ್ಲ. ಒಂಬತ್ತು ವರ್ಷ. ಫೋನ್ ನಂಬರುಗಳೂ ಬದಲಾದವು. ಯಾರೋ ನೆಂಟರಿಂದ ಆ್ಯಪಿನಲ್ಲಿ ಅಣ್ಣನ ಹೆಸರು ತಿಳಿದು ಇವರು ಒಂದು ದಿನ ಆಟಕ್ಕೆ ಕರೆದರು, ಅವರು ಬಂದರು. ಅಷ್ಟೇ. ದಿನಕ್ಕೆ ಒಂದು ಆಟ, ಒಂದಕ್ಷರದ ಮಾತಿಲ್ಲ. ಅಲ್ಲಿ ಬರೆದು ಕಳಿಸಲು ಜಾಗವಿದೆಯಲ್ಲ ಭಟ್ಟರೇ ಎಂದರೆ, "ಯಾರು ಮೊದಲು ಬರೆಯೋದು?" ಎಂದು ನಗುತ್ತಿದ್ದರು. ಆ ನಗು ಚೆನ್ನಾಗಿರಲಿಲ್ಲ. ಆ ಮೂರು ನಿಮಿಷವೂ ತಪ್ಪಿದರೆ ಅಣ್ಣ ಪೂರ್ತಿ ಹೋದ ಹಾಗೆ ಎಂದು ಒಮ್ಮೆ ಅವರೇ ಹೇಳಿದ್ದರು.

ಅಣ್ಣನ ಜೊತೆಗಿನ ಆಟದಲ್ಲಿ ಅವರದ್ದೊಂದು ಕೆಟ್ಟ ಅಭ್ಯಾಸವಿತ್ತು. ಮೊದಲ ನಡೆಗೆ ತೀರಾ ಅಂಚಿನ ಕಾಲಾಳನ್ನು ಒಂದು ಮನೆ ಮುಂದೆ ಸರಿಸುತ್ತಿದ್ದರು. ಯಾವ ಉಪಯೋಗಕ್ಕೂ ಬಾರದ ನಡೆ. ನಡುವಿನ ಜಾಗವನ್ನೆಲ್ಲ ಎದುರಿನವನಿಗೆ ಬಿಟ್ಟುಕೊಟ್ಟ ಹಾಗೆ. ನಾನು ನೂರು ಸಲ ಹೇಳಿರಬೇಕು. "ಮೊದಲ ದೋಸೆ ಕಾವಲಿಗೆ ಅಕ್ಕ, ಅದನ್ನು ಯಾರಿಗೂ ಬಡಿಸುದಿಲ್ಲ," ಎನ್ನುತ್ತಿದ್ದರು. ಹಟಮಾರಿ ಮನುಷ್ಯ ಎಂದುಕೊಂಡು ಬಿಟ್ಟುಬಿಟ್ಟೆ.

ಆ ಶನಿವಾರ ಮಾತ್ರ... ಇವತ್ತಿಗೂ ನೆನೆದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಪಾವಾಗಢ ಬೆಟ್ಟದ ದೇವಿ ದರ್ಶನಕ್ಕೆ ಹೊರಟ ಒಂದು ಬಸ್ಸು ತುಂಬ ಜನ ಸರಿಯಾಗಿ ಮೂರಕ್ಕೆ ಹೋಟೆಲಿಗೆ ನುಗ್ಗಿದರು. ಭಟ್ಟರು ಎರಡೂ ಕೈಯಲ್ಲಿ ದೋಸೆ ಹೊಯ್ಯುತ್ತಿದ್ದರು. ಗೂಡಿನಲ್ಲಿಟ್ಟ ಅವರ ಫೋನು ಸದ್ದು ಮಾಡಿತು. ಅಣ್ಣ ಆಟಕ್ಕೆ ಕರೆಯುತ್ತಿದ್ದಾರೆ. ಭಟ್ಟರ ಮುಖ ನೋಡಲಾಗಲಿಲ್ಲ. "ಅಕ್ಕ, ನೀವು ಸ್ವಲ್ಪ ಆಡಿ. ಕಾಯಿಸಬಾರ್ದು ಅವನನ್ನು," ಎಂದರು.

ನಾನು ಆಡಿದೆ. ನನ್ನ ರೀತಿಯಲ್ಲೇ ಆಡಿದೆ. ನಡುವಿನ ಕಾಲಾಳು, ಕುದುರೆ, ಒಂಟೆ, ಮಂತ್ರಿ... ಹತ್ತೊಂಬತ್ತು ನಡೆಯಲ್ಲಿ ಸೂರತ್ತಿನ ರಾಜನನ್ನು ಮಲಗಿಸಿಬಿಟ್ಟೆ. ಆ ತನಕ ಅಷ್ಟು ಚೆಂದದ ಆಟ ನಾನು ಆಡಿರಲಿಲ್ಲ. ಖುಷಿಯಿಂದ ಓಡಿಹೋಗಿ ತೋರಿಸಿದೆ. ಭಟ್ಟರು ಕೊನೆಯ ನಡೆ ನೋಡಲಿಲ್ಲ, ಮೊದಲು ಯಾವುದನ್ನು ಸರಿಸಿದಿರಿ ಎಂದು ಕೇಳಿದರು. ಹೇಳಿದೆ. ಅವರು ಒಲೆಯ ಉರಿ ತಗ್ಗಿಸಿದರು. ಬಸ್ಸಿನವರು ಸಾಲುಗಟ್ಟಿ ಕಾಯುತ್ತಿದ್ದರೂ ಉರಿ ತಗ್ಗಿಸಿದರು. ಆಮೇಲೆ ಗೊತ್ತಾಯಿತು, ಮೊಟ್ಟಮೊದಲ ದಿನ ಇವರು ಅಂಚಿನ ಕಾಲಾಳು ಸರಿಸಿದಾಗ ಅಣ್ಣ ಕೂಡ ತನ್ನ ಅಂಚಿನ ಕಾಲಾಳನ್ನೇ ಸರಿಸಿದ್ದರಂತೆ. ಅಕ್ಕಿ ಚೀಲದ ಮೇಲಿನ ಆಟದಿಂದಲೂ ಅದು ಅವರಿಬ್ಬರ ಪದ್ಧತಿ. ನಾನು ಕೆಟ್ಟ ನಡೆ ಎಂದುಕೊಂಡಿದ್ದುದು ಅವರ ನಮಸ್ಕಾರ.

ಭಾನುವಾರ ನನಗೆ ರಜೆ, ಆದರೂ ಸುಳ್ಳು ನೆಪ ಹೇಳಿ ಹೋದೆ. ಮೂರು ಗಂಟೆಗೆ ಆಟದ ಕರೆ ಬರಲಿಲ್ಲ. ಭಟ್ಟರೇ ಕರೆದರು, ಉತ್ತರವಿಲ್ಲ. ಸೋಮವಾರವೂ ಇಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ನನ್ನ ದೋಸೆಯನ್ನು ಎಂದಿನಂತೆ ಗರಿಗರಿಯಾಗಿ ಮಾಡಿ ತಂದಿಟ್ಟು ಹೋದರು, ನಾನು ಅರ್ಧ ಬಿಟ್ಟು ಎದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮಮ್ಮ ನನಗೆ ಸುಮ್ಮನೆ ಹೇಳುತ್ತಿರಲಿಲ್ಲ. ಒಂಬತ್ತು ವರ್ಷದ ಮುನಿಸಿನ ನಡುವೆಯೂ ಇಬ್ಬರು ಹೇಗೋ ಹಿಡಿದಿಟ್ಟುಕೊಂಡಿದ್ದನ್ನು ನಾನು ಹತ್ತೊಂಬತ್ತು ನಡೆಯಲ್ಲಿ ಹಾಳುಮಾಡಿದ್ದೆ.

ಮಂಗಳವಾರ ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಬಿಳಿ ಅಂಗಿಯ ವಯಸ್ಸಾದವರೊಬ್ಬರು ಬಟ್ಟೆ ಚೀಲ ಹಿಡಿದು ಒಳಗೆ ಬಂದರು. ಮೇಜಿನ ಕಡೆ ನೋಡದೆ ನೇರ ಕಾವಲಿಯ ಹತ್ತಿರ ಹೋಗಿ ನಿಂತರು. ಭಟ್ಟರ ಕೈಯ ಸೌಟು ಹಾಗೇ ನಿಂತಿತು.

"ಬದುಕಿದ್ದೀಯಾ?" ಎಂದರು ಬಂದವರು.

"ನಂಗೆ ಎಂತ ಆಗಿದೆ ಅಣ್ಣ?"

"ನಿನ್ನ ಫೋನಲ್ಲಿ ಬೇರೆ ಯಾರೋ ಆಡಿದ್ರು. ನೀನು ಹೋದೆ, ಫೋನ್ ಯಾರದ್ದೋ ಕೈ ಸೇರಿತು ಅಂತ ಗ್ರಹಿಸಿದೆ ನಾನು. ಆಮೇಲೆ ಕರೆ ಬಂದಾಗ ತೆಗೆಯಲಿಕ್ಕೂ ಹೆದರಿಕೆ ಆಯ್ತು."

ನಾನು ಎದ್ದು ನಿಂತು, ಆಡಿದವಳು ನಾನು ಎಂದೆ. ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಚೆಂದ ಆಡ್ತೀರಿ. ಆದ್ರೆ ನನ್ನ ಜೀವ ತೆಗೆದ್ರಿ," ಎಂದರು. ಮತ್ತೆ ತಮ್ಮನ ಕಡೆ ತಿರುಗಿ ಹೇಳಿದರು: "ಶನಿವಾರ ಸಂಜೆಯೇ ರೈಲು ಹತ್ತಬೇಕಿತ್ತು. ಕಾವಲಿಗೆ ಬದಲಿ ಜನ ಸಿಗ್ಲಿಲ್ಲ ಮಾರಾಯ. ಎರಡು ದಿನ ಹುಡುಕಿದೆ..."

ಅಷ್ಟು ಹೇಳಿದವರು ಅಲ್ಲಿಗೇ ನಿಲ್ಲಿಸಿದರು. ತಮ್ಮ ಬಾಯಿಂದ ಬಂದ ಮಾತು ತಮಗೇ ಕೇಳಿಸಿತ್ತು.

"ಸಿಗುದಿಲ್ಲ ಅಣ್ಣ," ಎಂದರು ಭಟ್ಟರು. "ನಂಗೂ ಸಿಗ್ಲಿಲ್ಲ."

ಇಬ್ಬರೂ ಅಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. ಅಳುವ ಕೆಲಸವನ್ನು ಮೂಲೆಯ ಮೇಜಿನಲ್ಲಿ ಕೂತು ನಾನೇ ಮಾಡಿದೆ, ಕಾಫಿ ಬಿಸಿಯಾಗಿದೆ ಎಂಬ ನೆಪದಲ್ಲಿ. ಅಣ್ಣ ಕಾವಲಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಎರಡು ದೋಸೆ ತಿಂದರು. ಹಿಟ್ಟು ಸ್ವಲ್ಪ ಹುಳಿ ಹೆಚ್ಚಾಗಿದೆ ಎಂದು ತಪ್ಪು ಹುಡುಕಿದರು. ಭಟ್ಟರು ಅದನ್ನೂ ಒಪ್ಪಿಕೊಂಡರು.

ನಾಲ್ಕು ತಿಂಗಳಲ್ಲಿ ಭಟ್ಟರು ಸೂರತ್ತಿಗೆ ಹೊರಟರು, ಅಣ್ಣ ಇದ್ದ ಹೋಟೆಲಿಗೇ. ಆ್ಯಪಿನಲ್ಲಿ ಸಿಗುತ್ತೇನೆ ಅಕ್ಕ, ಅಲ್ಲೇ ಆಡೋಣ ಎಂದಿದ್ದರು. ನಾನು ಎಷ್ಟೋ ದಿನ ಕರೆದೆ, ಅವರು ಬರಲೇ ಇಲ್ಲ. ಯುಗಾದಿಗೆ ಒಂದು ಫೋನು, ದೀಪಾವಳಿಗೆ ಒಂದು ಫೋನು, ಅಷ್ಟೇ. ಸುಳ್ಳು ಯಾಕೆ ಹೇಳಲಿ, ನನಗೆ ಬೇಸರವಾಗಿತ್ತು. ಅಣ್ಣ ಸಿಕ್ಕಿದ ಮೇಲೆ ನಾನ್ಯಾರು ಎಂದುಕೊಂಡಿದ್ದೆ. ಆದರೆ ಅವರು ಹೇಳಿದಂತೆ ಆಡುತ್ತ ಆಡುತ್ತ ನನ್ನ ಆಟ ಸುಧಾರಿಸಿತು. ಮಂತ್ರಿಯನ್ನು ಈಗ ಅಷ್ಟು ಬೇಗ ಹೊರಗೆ ಬಿಡುವುದಿಲ್ಲ. ಮನೆಯಲ್ಲಿ ಸಿಟ್ಟು ಕೂಡ ಕಡಿಮೆಯಾಗಿದೆ ಎಂದು ಗಂಡನ ಅಭಿಪ್ರಾಯ. ಅದನ್ನು ನಾನು ಒಪ್ಪಿಲ್ಲ.

ಹೋದ ವರ್ಷ ಸೂರತ್ತಿನಿಂದ ಅಣ್ಣ ಫೋನ್ ಮಾಡಿದರು. ಭಟ್ಟರು ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ನಾನು ಹೇಳಬಾರದ್ದನ್ನೇ ಹೇಳಿಬಿಟ್ಟೆ. ಸೂರತ್ತಿಗೆ ಬಂದ ಮೇಲೆ ಭಟ್ಟರು ನನ್ನ ಜೊತೆ ಒಂದು ಆಟವನ್ನೂ ಆಡಲಿಲ್ಲ ಎಂದೆ.

"ಯಾರ ಜೊತೆಯೂ ಆಡ್ಲಿಲ್ಲ ಅಕ್ಕ. ಆಟಕ್ಕೆ ಅಂತ ಫೋನ್ ಮುಟ್ಟಲೇ ಇಲ್ಲ ಅವ," ಎಂದರು ಅಣ್ಣ. "ನಾನು ಎದುರಿಗೇ ಇದ್ದೆನಲ್ಲ."

ನನ್ನ ಅಷ್ಟು ವರ್ಷದ ಬೇಸರ ಅಲ್ಲೇ ಇಳಿದುಹೋಯಿತು. ಆಮೇಲೆ ಅವರು, "ಈಗ ಮೂರು ಗಂಟೆಗೆ ಎಂತ ಮಾಡುದು ಅಂತ ಗೊತ್ತಾಗುದಿಲ್ಲ," ಎಂದರು. ನನ್ನ ಜೊತೆ ಆಡುತ್ತೀರಾ ಎಂದು ಕೇಳಿದೆ. "ನೀವು ಭಾರಿ ಅವಸರ ಮಾಡ್ತೀರಂತೆ. ಅವ ದಿನಾ ಹೇಳ್ತಿದ್ದ," ಎಂದರು.

ದಿನಾ ಹೇಳುತ್ತಿದ್ದರಂತೆ... ಅಷ್ಟು ಸಾಕಾಗಿತ್ತು ನನಗೆ.

ಈಗ ನಾನೂ ಅಣ್ಣನೂ ಆಡುತ್ತೇವೆ. ಬಹಳ ಸಲ ನಾನೇ ಸೋಲುತ್ತೇನೆ. ಆಟ ಮುಗಿದ ಮೇಲೆ ಅವರು ಒಂದು ಸಾಲು ಬರೆದು ಕಳಿಸುತ್ತಾರೆ. ಇವತ್ತೂ ಬಂತು: "ಅವ ಇದ್ದಿದ್ರೆ ಆ ಕುದುರೆಗೆ ನಿಮಗೆ ಬೈತಿದ್ದ." ಹೌದು, ಬೈಯುತ್ತಿದ್ದರು. ಹೌದು ಎಂದಷ್ಟೇ ಬರೆದೆ.