ಹುಲಿಗೆಮ್ಮ, ನೀನು ಪಾಸಾಗಿದ್ದೆ

ಹುಲಿಗೆಮ್ಮ, ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ನೀನು ಪಾಸಾಗಿದ್ದೆ. ನಿನಗೆ ಸೀಟೂ ಸಿಕ್ಕಿತ್ತು. ಆ ಸೀಟು ಕೈತಪ್ಪಿದ್ದು ನನ್ನಿಂದ — ಅದನ್ನು ಮುಚ್ಚಿಟ್ಟು, ನಿನ್ನ ಮುಖ ನೋಡುತ್ತಲೇ ನೀನು ಫೇಲಾದೆ ಎಂದು ಸುಳ್ಳು ಹೇಳಿದವಳೂ ನಾನೇ. ಎಂಟು ವರ್ಷವಾಯಿತು. ಅಂದು ನೀನು ಐದನೇ ಇಯತ್ತೆಯ ಹುಡುಗಿ, ನಾನು ನಿನ್ನ ಕ್ಲಾಸ್ ಟೀಚರ್.

ನಾನು ಚಾ ಕುಡಿಯುತ್ತಿದ್ದ ಪರಿ ನಿನಗೆ ನೆನಪಿರಬೇಕು. ರಾಯಚೂರಿನಲ್ಲಿ ದೇವದುರ್ಗದ ಬಸ್ಸು ಹತ್ತುವ ಮುಂಚೆ ಒಂದು, ಮಸರಕಲ್ಲಿನಲ್ಲಿ ಇಳಿದು ನಿಮ್ಮೂರಿನ ಆಟೋ ಕಾಯುವಾಗ ಒಂದು, ಆಮೇಲೆ ಫ್ಲಾಸ್ಕಿನಿಂದ ಪೀರಿಯಡ್ಡಿಗೊಂದು. ಚಾ ಇಲ್ಲದಿದ್ದರೆ ಕಣ್ಣೇ ಬಿಡಲಾಗುತ್ತಿರಲಿಲ್ಲ. ಪಾಠಕ್ಕಿಂತ ಮೊಬೈಲಿನ ಕೆಲಸವೇ ಜಾಸ್ತಿಯಾಗಿತ್ತು — ಹಾಜರಿ, ಹಾಲು, ಮೊಟ್ಟೆ, ಬೂಟು, ಎಲ್ಲವನ್ನೂ ಅದರಲ್ಲೇ ತುಂಬಬೇಕು. ಆ ಮೊಬೈಲಿಗೂ ನನಗೂ ಎಣ್ಣೆ ಸೀಗೆಕಾಯಿ. ಬಿಸಿಯೂಟದ ಫೋಟೋವನ್ನು ಅಧಿಕಾರಿಗಳ ವಾಟ್ಸಾಪ್ ಗುಂಪಿಗೆ ಕಳಿಸುವ ಬದಲು ನಮ್ಮ ಬೀಗರ ಗುಂಪಿಗೆ ಕಳಿಸಿ, "ಯಾರ ಮನ್ಯಾಗ ಕಾರ್ಯ ಅದ ರೀ?" ಎಂದು ಕೇಳಿಸಿಕೊಂಡವಳು ನಾನು. ಆ ವರ್ಷ ಮೂರನೇ ಇಯತ್ತೆಯ ಹಾಜರಿಯನ್ನು ಐದನೆಯದಕ್ಕೆ ತುಂಬಿ ಒಂದು ನೋಟಿಸನ್ನೂ ಇಸಿದುಕೊಂಡಿದ್ದೆ. ಇನ್ನೊಂದು ತಪ್ಪಾದರೆ ನೋಡಿ ಎಂದು ಬರೆದಿದ್ದರು.

ನಿಮ್ಮ ಮನೆಯಲ್ಲಿ ಫೋನಿರಲಿಲ್ಲ. ಫೋನಿಲ್ಲದ ಮಕ್ಕಳ ಅರ್ಜಿಗೆ ನಾವು ಟೀಚರುಗಳು ನಮ್ಮದೇ ನಂಬರು ಹಾಕುತ್ತಿದ್ದೆವು. ಎಲ್ಲ ಶಾಲೆಯಲ್ಲೂ ಅದೇ ರೂಢಿ. ಹಾಗೆ ನಿನ್ನ ಅರ್ಜಿಗೂ ನನ್ನ ನಂಬರು ಹಾಕಿದೆ. ನಿನ್ನ ಮೆಸೇಜು ಏನೇ ಬಂದರೂ ನನಗೇ ಬರಬೇಕು.

ಪರೀಕ್ಷೆ ಮುಗಿದು ಪಟ್ಟಿ ಬರುವ ಹೊತ್ತು. ಒಂದು ಮಧ್ಯಾಹ್ನ ಟೇಬಲ್ಲಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದವಳು ಬೆಲ್ಲಿಗೆ ಬೆಚ್ಚಿ ಎದ್ದೆ. ಮೊಣಕೈ ತಾಗಿ ಲೋಟ ಉರುಳಿತು. ಚಾ ಅಷ್ಟೂ ಮೊಬೈಲಿನ ಮೇಲೆ. ಅಡುಗೆಯ ಶಂಕ್ರಮ್ಮ ಓಡಿ ಬಂದಳು.

"ಅಕ್ಕ್ಯಾಗ ಮುಚ್ಚಿಡ್ರಿ ಟೀಚರ್. ನಮ್ಮ ಅಳಿಯಂದೂ ಹಿಂಗ ಆಗಿತ್ತು. ನೀರೆಲ್ಲ ಹೀರ್ಕೋತದ."

ಬಿಸಿಯೂಟದ ಅಕ್ಕಿ ಡಬ್ಬಿಯಲ್ಲಿ ಮೂರು ದಿನ ಆ ಮೊಬೈಲು ಮಲಗಿತ್ತು. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿಕೊಳ್ಳಿ ಎಂದು ಹೆಡ್‌ಮಾಸ್ತರರು ಹೇಳಿಯೂ ಹೇಳಿದರು. ನಾಳೆ ಎಂದೆ. ಮರುದಿನವೂ ನಾಳೆ ಎಂದೆ. ನಿಜ ಹೇಳಬೇಕೆಂದರೆ — ಆ ಮೂರು ದಿನ ನನಗೆ ಹಾಯೆನಿಸಿತ್ತು. ಅದು ತುಂಬಿಲ್ಲ, ಇದು ಕಳಿಸಿಲ್ಲ ಎನ್ನುವವರು ಯಾರೂ ಇರಲಿಲ್ಲ. ನಿನಗೊಂದು ಮೆಸೇಜು ಬರಬೇಕಿದೆ ಎಂಬುದು ನೆನಪಾಗಲಿಲ್ಲ. ಇಲ್ಲ, ನೆನಪಾಯಿತು. ಇಷ್ಟು ಬೇಗ ಎಲ್ಲಿ ಬರುತ್ತದೆ ಎಂದುಕೊಂಡು ಸುಮ್ಮನಾದೆ.

ಮೂರನೇ ದಿನ ಸಂಜೆ ಮೊಬೈಲು ಮತ್ತೆ ಆನ್ ಆಯಿತು. ಮೊದಲು ಕಂಡದ್ದು ನಿನ್ನ ಹೆಸರು. ಸೀಟು ಸಿಕ್ಕಿದೆ, ಮೂಲ ದಾಖಲೆಗಳೊಂದಿಗೆ ದೇವದುರ್ಗದ ಕಚೇರಿಗೆ ಬಂದು ಹಾಜರಾಗಿ, ಬಾರದಿದ್ದರೆ ಸೀಟು ಮುಂದಿನವರಿಗೆ. ಹಾಜರಾಗಬೇಕಿದ್ದ ದಿನ ಅಂದೇ. ಕಚೇರಿ ಮುಚ್ಚಿ ಒಂದು ತಾಸಾಗಿತ್ತು.

ಮರುದಿನ ಬೆಳಿಗ್ಗೆ ನಿನ್ನನ್ನೂ ನಿನ್ನ ಅವ್ವನನ್ನೂ ಕರೆದುಕೊಂಡು ಹೋಗಿ, ತಪ್ಪು ನನ್ನದು ಸರ್, ಮಗುವಿನದಲ್ಲ ಎಂದು ಕೈಮುಗಿದಿದ್ದರೆ — ಕೇಳುತ್ತಿದ್ದರೋ ಏನೋ, ಅದು ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ನಾನು ಹೋಗಲೇ ಇಲ್ಲ. ಹೋದರೆ ಇನ್ನೊಂದು ನೋಟಿಸು ಬರುತ್ತದೆ ಎಂದು ಹೆದರಿದೆ. ಆ ಮೆಸೇಜನ್ನು ಅಳಿಸಿಬಿಟ್ಟೆ. ಮೊಬೈಲಿನಲ್ಲಿ ಒಂದು ಕೆಲಸವನ್ನಾದರೂ ತಪ್ಪಿಲ್ಲದೆ ಮಾಡಿದ್ದು ಅಂದೇ ಇರಬೇಕು.

ನಾಲ್ಕು ದಿನ ಬಿಟ್ಟು ನಿನ್ನ ಅವ್ವ ದುರುಗಮ್ಮ ಕೂಲಿಗೆ ಹೋಗುವ ದಾರಿಯಲ್ಲಿ ನಿನ್ನ ಕೈ ಹಿಡಿದುಕೊಂಡು ಬಂದಳು. "ಲಿಸ್ಟ್ ಬಂತೇನ್ರಿ ಟೀಚರ್?"

"ಬಂದದ ದುರುಗಮ್ಮ. ಹುಲಿಗೆಮ್ಮನ ಹೆಸರು ಬಂದಿಲ್ಲ."

ನಿನ್ನ ಅವ್ವ ಹೋಗಲಿ ಬಿಡ್ರಿ ಎಂದಳು. ನೀನು ಬಿಡಲಿಲ್ಲ. "ಯಾವುದ್ರಾಗ ಕಡಿಮಿ ಬಿದ್ದಾವ್ರಿ ಟೀಚರ್?" ಎಂದು ಕೇಳಿದೆ. ನಾನು ಬಾಯಿಗೆ ಬಂದದ್ದು ಹೇಳಿದೆ — "ಲೆಕ್ಕದಾಗ."

ಲೆಕ್ಕ ನಿನ್ನ ಪ್ರಾಣ ಎಂದು ನನಗೆ ಗೊತ್ತಿತ್ತು. ನಾನು ಬೋರ್ಡಿನ ಮೇಲೆ ತಪ್ಪಿದರೆ ತಿದ್ದುತ್ತಿದ್ದವಳು ನೀನೇ. ಆಮೇಲೆ ನೀನು ತಿದ್ದಲಿಲ್ಲ. ಬೇಕೆಂದೇ ಒಂದು ದಿನ ನಾನೇ ತಪ್ಪು ಬರೆದೆ. ನೀನು ನೋಡಿದೆ, ತಲೆ ಬಗ್ಗಿಸಿ ಅದನ್ನೇ ಬರೆದುಕೊಂಡೆ. ಆಗಲಾದರೂ ಹೇಳಬಹುದಿತ್ತು. ಏಳನೆಯದಕ್ಕೆ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೊರಟಾಗ ಹೇಳಬಹುದಿತ್ತು. ಚಿಕ್ಕವ್ವನ ಮನೆಯಲ್ಲಿರಲು ಮಾನ್ವಿಗೆ ಹೋಗುವಾಗ, ನೀನೇ ಬಂದು ನನ್ನ ಕಾಲಿಗೆ ಬಿದ್ದಾಗ — ಆಗಲೂ ಚೆನ್ನಾಗಿರು ಎಂದೆನೇ ಹೊರತು...

ಈ ವರ್ಷ ನಿನ್ನ ತಂಗಿ ನಾಗವೇಣಿ ನನ್ನ ಕ್ಲಾಸಿನಲ್ಲಿದ್ದಾಳೆ. ಅದೇ ಪರೀಕ್ಷೆಗೆ ಅವಳ ಅರ್ಜಿ ಹಾಕೋಣವೆಂದು ಮೊನ್ನೆ ನಿನಗೆ ಫೋನು ಮಾಡಿದೆ. ನೀನು ಏನೆಂದೆ, ನೆನಪಿದೆಯಾ?

"ಬ್ಯಾಡ್ರಿ ಟೀಚರ್. ಲೆಕ್ಕ ನಮ್ಮ ಮನ್ಯಾಗ ಯಾರಿಗೂ ಹತ್ತಂಗಿಲ್ಲ. ಇಲ್ಲಿ ಬಟ್ಟಿ ಅಂಗಡ್ಯಾಗ ಬಿಲ್ ಬರಿಯಾಕ ಕುಂದ್ರು ಅಂದ್ರು, ನಾ ಒಲ್ಲೆ ಅಂದೆ. ಅಕಿಗೂ ಹೇಳೀನಿ, ಸುಮ್ನ ಆಸಿ ಇಟ್ಕೋಬ್ಯಾಡ ಅಂತ."

ನೀನು ನಗುತ್ತಲೇ ಹೇಳಿದೆ. ಫೋನಿಟ್ಟ ಮೇಲೆ ನಾನು ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ನಾನು ಒಂದು ಸೀಟು ಮಾತ್ರ ಕಳೆದೆ ಎಂದುಕೊಂಡಿದ್ದೆ. ನಾನು ಹೇಳಿದ ಒಂದು ಸುಳ್ಳನ್ನು ನೀನು ಎಂಟು ವರ್ಷ ನಿನ್ನ ತಲೆಯ ಯೋಗ್ಯತೆ ಎಂದು ನಂಬಿದ್ದೆ, ಈಗ ಅದನ್ನೇ ತಂಗಿಗೂ ದಾಟಿಸಿದ್ದೆ.

ದಣಿದಿದ್ದೆ, ನಿಜ. ಎಲ್ಲ ಟೀಚರುಗಳೂ ದಣಿದಿರುತ್ತಾರೆ. ಚಾ ಚೆಲ್ಲಿದ್ದು ದಣಿವಿನಿಂದ. ಸುಳ್ಳು ಹೇಳಿದ್ದು ದಣಿವಿನಿಂದಲ್ಲ.

ಈ ಭಾನುವಾರ ನಿನ್ನ ಅವ್ವನನ್ನೂ ನಾಗವೇಣಿಯನ್ನೂ ಕರೆದುಕೊಂಡು ಮಾನ್ವಿಗೆ ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ಮೂವರ ಮುಂದೆ ಬಾಯಿಬಿಟ್ಟು ಹೇಳುತ್ತೇನೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಅವ್ವ ಅತ್ತರೆ ಅಲ್ಲಿಂದ ಏಳುವುದಿಲ್ಲ. ಕ್ಷಮಿಸು ಎಂದು ಕೇಳುವುದಕ್ಕಾಗಿ ನಾನು ಬರುತ್ತಿಲ್ಲ. ನೀನು ಲೆಕ್ಕದಲ್ಲಿ ಜಾಣೆಯಾಗಿದ್ದೆ ಎಂಬುದನ್ನು ನಿನ್ನ ತಂಗಿ ನನ್ನ ಬಾಯಿಂದ ಕೇಳಬೇಕು. ಅದಾದ ಮೇಲೆ ನೀನು ನನ್ನನ್ನು ಟೀಚರ್ ಎಂದು ಕರೆಯದಿದ್ದರೂ ಸರಿಯೇ.