ಹದಿನಾರು ಡಿಗ್ರಿಯ ಕೋಣೆ

ಕಿಶನ ತೀರಿಕೊಂಡು ಒಂದು ತಿಂಗಳಾಯಿತು. ನವೆಂಬರಿನ ಜ್ವರ ಹತ್ತೇ ದಿನಗಳಲ್ಲಿ ಅವನನ್ನು ಮುಗಿಸಿತು. ನಲವತ್ತಮೂರು ವರ್ಷ ಅವನಿಗೆ. ಅವನ ಕಚೇರಿಯವರು ಹಚ್ಚಿದ ಶ್ರದ್ಧಾಂಜಲಿ ಪತ್ರದಲ್ಲಿ ‘ಶಿಸ್ತಿನ ಎಲೆಕ್ಟ್ರಿಷಿಯನ್’ ಎಂದಷ್ಟೇ ಇದೆ. ಅವನು ಮೂರು ವರ್ಷ ಕೇಳಿದ್ದು ಏನು ಎಂಬುದರ ಬಗ್ಗೆ ಒಂದು ಅಕ್ಷರವೂ ಇಲ್ಲ.

ಅವನದು ನೌಕಾನೆಲೆಗೆ ಜಾಗ ಬಿಟ್ಟು ಅರ್ಗಾದಿಂದ ಕೋಡಿಬಾಗಕ್ಕೆ ಬಂದ ಮೀನುಗಾರರ ಮನೆ. ನನ್ನದು ಭಾವಿಕೇರಿಯ ಗದ್ದೆಯವರ ಮನೆ. ಕಾಲೇಜಿನಲ್ಲಿ ಒಂದು ವರ್ಷ ಒಟ್ಟಿಗೆ ಓದಿದೆವು. ಅವನು ಬಿಟ್ಟು ಐಟಿಐಗೆ ಹೋದ, ನಾನು ಅಂಕೋಲೆಯಲ್ಲಿ ಮಾಸ್ತರನಾದೆ. ಗೆಳೆತನ ಮಾತ್ರ ಹಾಗೇ ಉಳಿಯಿತು.

೨೦೦೬ರಲ್ಲಿ ಅವನು ಕೆಲಸಕ್ಕಿದ್ದ ಸಹಕಾರಿ ಸಂಸ್ಥೆ ಹದಿನಾಲ್ಕು ಶಾಖೆಗಳ ಕಂಪ್ಯೂಟರ್ ಕೆಲಸವನ್ನು ಕಾರವಾರದ ಒಂದು ಕೋಣೆಗೆ ತಂದಿತು. ಎರಡು ಕಪಾಟು ತುಂಬ ಸರ್ವರುಗಳು, ಬಾಗಿಲ ಮೇಲೆ ‘ಡೇಟಾ ಸೆಂಟರ್’ ಎಂಬ ಫಲಕ, ಒಳಗೆ ಹಗಲೂ ರಾತ್ರಿ ಹದಿನಾರು ಡಿಗ್ರಿಗೆ ಇಟ್ಟ ಎರಡು ಏಸಿ. ಕಿಶನ ಯಂತ್ರಗಳಿಗೂ ಏಸಿಗಳಿಗೂ ಬೇರೆ ಬೇರೆ ಮೀಟರ್ ಕೂರಿಸಿದ. ದಿನಕ್ಕೆ ಯಂತ್ರಗಳಿಗೆ ಎಪ್ಪತ್ತೆರಡು ಯೂನಿಟ್, ಅವನ್ನು ತಣ್ಣಗಿಡುವುದಕ್ಕೆ ಅರವತ್ತೆಂಟು.

“ಅರ್ಧಕ್ಕರ್ಧ ಕರೆಂಟು ಗಾಳಿಗೇ ಹೋಗ್ತದೆ ರೇ ಸೋಮು. ನಮ್ಮ ಕೇರೀಲಿ ದಿನಾ ಸಂಜೆ ಲೈಟಿಲ್ಲ, ಅಲ್ಲಿ ಸ್ವೆಟರ್ ಹಾಕ್ಕಂಡು ಕೂತವ್ರೆ” ಎಂದಿದ್ದ.

ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ನನ್ನ ಮನೆಗೆ ತಂದು ಓದಿಸಿದ. ಒಳಗೆ ಹೋಗುವ ಗಾಳಿ ಮೂವತ್ತೈದು ಡಿಗ್ರಿಯಿದ್ದರೂ ನಡೆಯುತ್ತದೆ ಎಂದು ಅದರಲ್ಲೇ ಇತ್ತು. ಆ ಸಾಲನ್ನು ಮೂರು ಸಲ ಓದಿಸಿದ.

ಕೋಣೆಯ ಉಸ್ತುವಾರಿ ವೈಜಯಂತಿಯವರದು. ಅವರೂ ಮೀನುಗಾರರ ಮನೆಯವರೇ. ಅಲ್ಲಿ ಹುಟ್ಟಿದವರಿಗೆ ಚಿಕ್ಕಂದಿನಿಂದ ಗೊತ್ತಿರುವುದು ಒಂದೇ: ಮೀನಿಗೆ ಬರ್ಫದ ಗಡ್ಡೆ ಹೆಚ್ಚು ಹಾಕಿದಷ್ಟೂ ಮಾಲು ಕೆಡುವುದಿಲ್ಲ.

“ಬಂಗಡೆಗೇ ಅಷ್ಟು ಬರ್ಫ ಬೇಕು, ಇದು ಲಕ್ಷದ ಮಿಶನ್ ಮಾರಾಯಾ” ಎಂದರು.

“ಬಂಗಡೆ ಸತ್ತದ್ದು ವೈಜಯಂತಿಬಾಯಿ, ಸೆಕೆ ಹೊರಗಿಂದ ಬರ್ತದೆ. ಇದು ಒಳಗಿಂದ ಬಿಸಿ ಉಸಿರು ಬಿಡ್ತದೆ. ಆ ಉಸಿರನ್ನೇ ತಿರುಗಿ ಎಳ್ಕಂತದೆ. ಅದನ್ನ ತಡೀರಿ, ಇಪ್ಪತ್ತೈದು ಡಿಗ್ರಿ ಸಾಕು. ಒಂದು ತಿಂಗಳು ಕೊಡಿ ನಂಗೆ.”

ಒಂದು ತಿಂಗಳು ಕೇಳಿದ್ದಕ್ಕೆ ಎರಡು ವರ್ಷ ಕಾಯಿಸಿದರು. ೨೦೦೮ರ ಏಪ್ರಿಲಿನಲ್ಲಿ ಒಪ್ಪಿಗೆ ಸಿಕ್ಕಿತು. ಕಪಾಟುಗಳ ಮುಂದಿನ ತಣ್ಣನೆ ಗಾಳಿ ಹಿಂದಿನ ಬಿಸಿ ಗಾಳಿಯೊಂದಿಗೆ ಬೆರೆಯದಂತೆ ದಪ್ಪ ಪ್ಲಾಸ್ಟಿಕ್ ಪರದೆ ಕಟ್ಟಿದ. ಸಂದುಗಳನ್ನು ಮೀನಿನ ಪೆಟ್ಟಿಗೆಯ ಥರ್ಮಾಕೋಲಿನಿಂದ ಮುಚ್ಚಿದ. ಒಂದು ಏಸಿ ನಿಲ್ಲಿಸಿ ಇನ್ನೊಂದನ್ನು ಇಪ್ಪತ್ತೈದಕ್ಕೆ ಇಟ್ಟ. ತಂಪಿಗೆ ಹೋಗುತ್ತಿದ್ದ ಅರವತ್ತೆಂಟು ಯೂನಿಟ್ ಇಪ್ಪತ್ತೇಳಕ್ಕೆ ಇಳಿಯಿತು, ಅದೂ ಏಪ್ರಿಲ್ ಸೆಕೆಯಲ್ಲಿ. ಯಾವ ಯಂತ್ರವೂ ಮುಗ್ಗರಿಸಲಿಲ್ಲ.

ಹತ್ತೊಂಬತ್ತನೆಯ ದಿನ ಅವನು ಅಂಕೋಲೆ ಶಾಖೆಯ ವೈರಿಂಗಿಗೆ ಬಂದಿದ್ದಾಗ ಮೇಲಧಿಕಾರಿಯೊಬ್ಬರು ಆ ಕೋಣೆಗೆ ಹೋದರು. “ಏನಿದು, ಮೀನ್ ಪೇಟೆಯಾ? ಸೆಕೆ ಬೇರೆ” ಎಂದರಂತೆ. ಪರದೆ ಕಿತ್ತರು, ಥರ್ಮಾಕೋಲು ಎಸೆದರು, ಎರಡೂ ಏಸಿ ಮತ್ತೆ ಹದಿನಾರಕ್ಕೆ. ಅಲ್ಲೇ ಇದ್ದ ವೈಜಯಂತಿಯವರು ಮೀಟರಿನ ಅಂಕಿ ನೋಡಿ ಎಂದು ಒಂದು ಮಾತು ಹೇಳಬಹುದಿತ್ತು.

ಜೂನಿನಲ್ಲಿ ಬಾಗಿಲು ತೆರೆದಾಗಲೆಲ್ಲ ಒದ್ದೆ ಗಾಳಿ ಒಳಗೆ ನುಗ್ಗಿ ಆ ತಣ್ಣನೆ ಕಬ್ಬಿಣದ ಮೇಲೆ ನೀರಾಗಿ ಕೂರುತ್ತಿತ್ತು. ಒಂದು ಯಂತ್ರ ಕೆಟ್ಟಿತು. ‘ನಿಮ್ಮ ಪ್ರಯೋಗದಿಂದ ಆದ ಹಾನಿಗೆ ವಿವರಣೆ ನೀಡಿ’ ಎಂದು ಕಿಶನನಿಗೇ ನೋಟಿಸ್ ಬಂತು. ಹದಿನಾಲ್ಕು ಪುಟ ಉತ್ತರ ಬರೆದ, ದಿನದಿನದ ಅಂಕಿಗಳ ಸಮೇತ. ಅದನ್ನು ನಾನೇ ತಿದ್ದಿಕೊಟ್ಟೆ. ಉತ್ತರ ಬರಲಿಲ್ಲ. ಮತ್ತೊಂದು ತಿಂಗಳು ಕೊಡಿ ಎಂದು ಐದು ಅರ್ಜಿ ಬರೆದ. ಅವಕ್ಕೂ ಬರಲಿಲ್ಲ. ಆಸ್ಪತ್ರೆಯಲ್ಲಿ ಕೂಡ ಜ್ವರದ ಮಾತು ಬಿಟ್ಟು, “ಹನ್ನೊಂದು ದಿನ ಬಾಕಿ ಇತ್ತಲ್ದಾ ಸೋಮು” ಎಂದ.

ಮೊನ್ನೆ ಆ ಹದಿನಾಲ್ಕು ಪುಟಗಳ ಪ್ರತಿ ಹಿಡಿದು ವೈಜಯಂತಿಯವರ ಬಳಿ ಹೋದೆ. ಕೋಣೆಯೊಳಗೇ ನಿಂತು ಓದಿದರು. ಕಣ್ಣು ಒರೆಸಿಕೊಂಡರು. “ಇಷ್ಟೆಲ್ಲ ಬರ್ದಿದ್ನಾ? ನಂಗೆ ಯಾರೂ ಹೇಳ್ಲೇ ಇಲ್ಲ ಮಾಸ್ತರೇ” ಎಂದರು. ಆ ಉತ್ತರದ ಮೊದಲ ಪುಟದಲ್ಲಿ ಅವರದೇ ಕಚೇರಿಯ ಸ್ವೀಕೃತಿ ಮುದ್ರೆಯಿತ್ತು. ನಾನು ಅದನ್ನು ತೋರಿಸಲಿಲ್ಲ.

ಅವರು ರಿಮೋಟ್ ಎತ್ತಿಕೊಂಡು ಒಂದೊಂದೇ ಒತ್ತುತ್ತ ಇಪ್ಪತ್ತೈದಕ್ಕೆ ತಂದರು. “ಅವನ ನೆನಪಿಗೆ ಇಷ್ಟಾದ್ರೂ ಮಾಡ್ತೆ.”

“ಪರದೆ?” ಎಂದೆ.

“ಅದ್ಕೆ ಮಂಜೂರಿ ಬೇಕು. ಮೇಲಿನೋರು ಬಿಡೂದಿಲ್ಲ.”

ಪರದೆಯಿಲ್ಲದೆ ಬರೀ ಡಿಗ್ರಿ ಏರಿಸಿದರೆ ಯಂತ್ರಗಳು ತಮ್ಮದೇ ಬಿಸಿ ಉಸಿರನ್ನು ಎಳೆದುಕೊಂಡು ಕೆಡುತ್ತವೆ. ಆರನೆಯ ಪುಟದಲ್ಲಿ ಅವನು ಅದನ್ನೇ ಗೆರೆ ಎಳೆದು ಬರೆದಿದ್ದ. ಕೆಟ್ಟರೆ ಮತ್ತೆ ಅವನ ಹೆಸರೇ ಹೇಳುತ್ತಾರೆ, ಈಗ ಉತ್ತರ ಬರೆಯಲು ಅವನಿಲ್ಲ.

“ಬೇಡ, ಹದಿನಾರಕ್ಕೇ ಇಡಿ” ಎಂದೆ. ಅವರು ಇಡುವವರೆಗೆ ನಿಂತು ನೋಡಿ ಹೊರಗೆ ಬಂದೆ.